ದಿನಕ್ಕೊಂದು ತಪ್ಪು

ಫೆಬ್ರವರಿಯ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತೂವರೆ. ಸ್ಥಳ ಘಾಟ್ಕೋಪರ್ ಪೂರ್ವದಲ್ಲಿರುವ ನಮ್ಮ ಕನ್ನಡ ಸಂಘದ ಸಭಾಂಗಣ. ವೇದಿಕೆಯ ಮೇಲೆ ಸಂಘದ ಅಧ್ಯಕ್ಷರು ಮತ್ತು ತೀರಿಕೊಂಡವರ ಅಕ್ಕನ ಮಗ. ಕೆಳಗೆ ಹಳೆಯ ವಿದ್ಯಾರ್ಥಿಗಳು, ನೆರೆಹೊರೆಯವರು. ಎರಡನೆಯ ಸಾಲಿನಲ್ಲಿ ನಾನು, ನನ್ನ ಹೆಂಡತಿ ಸುಶೀಲಾ, ಅಂಧೇರಿಯಿಂದ ಮೆಟ್ರೋ ಹಿಡಿದು ಬಂದಿದ್ದ ನಮ್ಮ ಮಗಳು.

ಸಭೆ ಶುರುವಾಗುವಾಗ ಹನ್ನೊಂದು ದಾಟಿತ್ತು. ನಾನು ನಿವೃತ್ತನಾಗುವ ತನಕ ವಿಕ್ರೋಲಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದವನು. ಪಾಳಿಯ ಸೈರನ್, ನಮ್ಮ ಭೋಂಗಾ, ಕೂಗಿದ ಮೇಲೆ ಗೇಟು ದಾಟಿದವನ ಕಾರ್ಡಿಗೆ ಕೆಂಪು ಗೆರೆ ಎಳೆಯುವುದು ನನ್ನ ಕೆಲಸವಾಗಿತ್ತು. ಆದರೂ ಆ ದಿನದ ವಿಳಂಬ ನನಗೆ ಸರಿಯೆನಿಸಿತು. ಯಾರ ನೆನಪಿಗಾಗಿ ಸೇರಿದ್ದೆವೋ ಅವರು ಯಾವ ಸಭೆಗೂ ಹೊತ್ತಿಗೆ ಬಂದವರಲ್ಲ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಸತ್ತ ಮೇಲೆ ಸಂಘದ ಯಾವುದಾದರೂ ಕೊಠಡಿಗೆ ತಮ್ಮ ಹೆಸರಿಟ್ಟುಬಿಡುತ್ತಾರೆ ಎಂಬ ಅಂಜಿಕೆ ಅವರಿಗಿತ್ತು. "ಹೆಸರು ಹಾಕುವುದು ಒಂದು ದಿನ, ಬೀಗ ಹಾಕುವುದು ಉಳಿದ ದಿನ" ಎನ್ನುತ್ತಿದ್ದರು. ನಮ್ಮ ಓಣಿಗೆಲ್ಲ ಅವರು ಮಾಸ್ತರರು, ಅಷ್ಟೇ.

ಅಧ್ಯಕ್ಷರು ಒಳ್ಳೆಯ ಮನುಷ್ಯ. ಮಾಸ್ತರರಿಗೆ ಕಾಯಿಲೆಯಾದಾಗ ಓಡಾಡಿದವರು. ಆದರೆ ಕೈಯಲ್ಲಿ ಮೈಕು, ಕಾಗದ ಎರಡೂ ಬಂದರೆ ಯಾರೂ ತಮ್ಮ ಮಾತನ್ನು ತಾವು ಆಡುವುದಿಲ್ಲ. ಮಾಸ್ತರರು ಸಮಯಪಾಲನೆಗೆ ಹೆಸರಾದವರು ಎಂದು ಅವರು ಓದಿದಾಗ ನಾನು ಕೆಮ್ಮಿದೆ. ಮಿತಭಾಷಿ ಎಂದು ಓದಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೊನೆಗೆ ಅವರು ದನಿಯೇರಿಸಿ, "ತಮ್ಮ ಸುದೀರ್ಘ ಸೇವೆಯಲ್ಲಿ ಮಾಸ್ತರರು ಒಂದೇ ಒಂದು ತಪ್ಪು ಮಾಡಿದವರಲ್ಲ" ಎಂದರು.

"ಅಲ್ಲ."

ಗಟ್ಟಿಯಾಗಿಯೇ ಕೇಳಿಸಿತು. ಅಧ್ಯಕ್ಷರು ಕಾಗದದಿಂದ ತಲೆಯೆತ್ತಿದರು. ನನ್ನ ಪಕ್ಕದ ಕುರ್ಚಿ ಖಾಲಿಯಾಗಿತ್ತು. ಸುಶೀಲಾ ಕೋಲು ಊರಿ ಎದ್ದು ನಿಂತಿದ್ದಳು.

ಮೂರು ವರ್ಷದ ಹಿಂದೆ ಅವಳಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಮರಳಿ ಬಂದ ಮಾತನ್ನು ಅವಳು ಮನೆಯೊಳಗೆ, ಹೆಚ್ಚೆಂದರೆ ಗೇಟಿನ ತನಕ ಮಾತ್ರ ಆಡುತ್ತಿದ್ದಳು. ಹೊರಗಿನವರ ಎದುರಿಗೆ ಶಬ್ದ ಸಿಗದೆ ನಿಂತುಬಿಡುವ ನಾಚಿಕೆ ಅವಳಿಗೆ ಸಾವಿಗಿಂತ ದೊಡ್ಡದಾಗಿತ್ತು. ಅಂಥವಳು ಈಗ ತುಂಬಿದ ಸಭೆಯಲ್ಲಿ ಅಧ್ಯಕ್ಷರಿಗೆ ಅಲ್ಲ ಎಂದುಬಿಟ್ಟಿದ್ದಳು. ಇನ್ನು ಮುಂದಿನದನ್ನು ಹೇಳಲೇಬೇಕು, ಹೇಳಲಾಗದಿದ್ದರೆ ಮತ್ತೆಂದೂ ಹೊಸ್ತಿಲು ದಾಟಲಿಕ್ಕಿಲ್ಲ ಎಂದು ನನಗೆ ಭಯವಾಯಿತು. ಅವಳು ಹಾಗೆ ಯಾಕೆ ಎದ್ದಳು ಎಂಬುದು ತಿಳಿಯಬೇಕಾದರೆ ಮಾಸ್ತರರು ಎಂಥವರು ಎಂಬುದು ತಿಳಿಯಬೇಕು.

ಮಾಸ್ತರರು ಉಡುಪಿಯ ಕಡೆಯವರು. ಚಿಕ್ಕಂದಿನಲ್ಲಿ ಮುಂಬಯಿಗೆ ಬಂದು, ಹಗಲು ಮಾವನ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು, ನಮ್ಮ ಕಡೆಯ ಕನ್ನಡ ಶಾಲೆಯಲ್ಲಿ ಇತಿಹಾಸದ ಮಾಸ್ತರರಾದರು. ನಮ್ಮ ಮಗಳು ನಾಲ್ಕನೆಯ ಇಯತ್ತೆಯ ತನಕ ಅಲ್ಲಿ ಓದಿದಳು. ಅವರು ಪಾಠದ ನಡುವೆ ಬೇಕೆಂದೇ ಒಂದು ತಪ್ಪು ಹೇಳುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಕಳ್ಳ. ಪೀರಿಯಡ್ ಮುಗಿಯುವ ಮೊದಲು, "ಇವತ್ತು ಕಳ್ಳ ಎಲ್ಲಿ ಅಡಗಿದ್ದ?" ಎಂದು ಕೇಳುತ್ತಿದ್ದರು. ಹಿಡಿದ ಮಗುವಿಗೆ ಶಾಲೆಯ ಗಂಟೆ ಬಾರಿಸುವ ಅವಕಾಶ. ಆ ಗಂಟೆಯ ಆಸೆಗೆ ಮಕ್ಕಳು ಕಿವಿ ಅಗಲಿಸಿ ಕೂಡುತ್ತಿದ್ದವು. ಮೊಗಲರು ಹಡಗಿನಲ್ಲಿ ಬಂದರು, ಪೋರ್ತುಗೀಸರು ಕುದುರೆಯ ಮೇಲೆ ಬಂದರು ಎಂದರೆ ಇಡೀ ವರ್ಗ ಒಂದೇ ದನಿಯಲ್ಲಿ "ಅಲ್ಲ ಸರ್" ಎನ್ನುತ್ತಿತ್ತು. ಅದು ದಡ್ಡ ಕಳ್ಳ. ಜಾಣ ಕಳ್ಳರು ಮಾತಿನ ಮಡಿಕೆಯಲ್ಲಿ ಅಡಗಿರುತ್ತಿದ್ದರು.

ಒಂದು ದಿನ ನಮ್ಮ ಮಗಳು ಕಳ್ಳನನ್ನು ಹಿಡಿದಳು. ಆದರೆ ಇನ್ನೊಬ್ಬ ಹುಡುಗ ಎದ್ದು ತಾನೂ ಹಿಡಿದೆನೆಂದ. ಮುಂಬಯಿಯಿಂದ ಹೊರಟ ಮೊದಲ ರೈಲು ಕಲ್ಯಾಣದ ತನಕ ಓಡಿತೆಂದು ಮಾಸ್ತರರು ಹೇಳಿದ್ದರು. ಅದು ಓಡಿದ್ದು ಠಾಣೆಯ ತನಕ. ಅವನ ಅಪ್ಪ ಲೋಕಲ್ ಓಡಿಸುವ ಮೋಟರ್‌ಮನ್. ಮಾಸ್ತರರು, "ಒಬ್ಬ ನಾನು ಕಳಿಸಿದ ಕಳ್ಳ, ಇನ್ನೊಬ್ಬ ತಾನಾಗಿ ಬಂದವನು. ತಾನಾಗಿ ಬಂದವನನ್ನು ಹಿಡಿಯುವುದು ಹೆಚ್ಚು ಕಷ್ಟ" ಎಂದರಂತೆ. ಆ ದಿನ ಶಾಲೆಯ ಗಂಟೆ ಎರಡು ಸಲ ಬಾರಿಸಿತು.

ಇದರ ಪರಿಣಾಮ ನಮ್ಮ ಮನೆಯ ಮೇಲಾಯಿತು. ಮಗಳು ಎಲ್ಲದಕ್ಕೂ ಅಲ್ಲ ಎನ್ನತೊಡಗಿದಳು. ಮಾರ್ಕೆಟ್ಟಿನಲ್ಲಿ ಎದುರಾದಾಗ ಸುಶೀಲಾ ಅವರನ್ನು ತಡೆದು ನಿಲ್ಲಿಸಿ, "ಮಾಸ್ತರ್ರ, ನಿಮ್ಮ ಶಾಲಿಗೆ ಹಚ್ಚಿದ ಮ್ಯಾಲೆ ಈಕಿ ಏನ್ ಹೇಳಿದ್ರೂ ಅಲ್ಲ ಅಂತಾಳ" ಎಂದು ದೂರಿದಳು.

"ಹಾಗಾದ್ರೆ ಪಾಸ್ ಮಾಡಬಹುದು" ಎಂದರು ಮಾಸ್ತರರು.

ಮುಂದೆ ಆ ಶಾಲೆ ಮುಚ್ಚಿತು. ಸಂಘದಲ್ಲಿ ಅದಕ್ಕಾಗಿ ಕಣ್ಣೀರು ಹಾಕಿದವರೆಲ್ಲರ ಮಕ್ಕಳೂ ಇಂಗ್ಲಿಷ್ ಶಾಲೆಯಲ್ಲಿದ್ದರು, ನನ್ನ ಮಗಳೂ ಸೇರಿ. ಯಾರನ್ನೂ ದೂರದೆ ಉಳಿದವರು ಮಾಸ್ತರರೊಬ್ಬರೇ. "ಮುಚ್ಚಿದವರು ಯಾರು ಅಂತ ನನ್ನ ಹತ್ರ ಕೇಳಬೇಡಿ ಮಾರಾಯ್ರೆ. ನನ್ನ ಅಳಿಯನ ಮಕ್ಕಳು ಹೋಗುವುದೂ ಇಂಗ್ಲಿಷ್ ಶಾಲೆಗೆ, ಮಧ್ಯಾಹ್ನ ಟಿಫಿನ್ ಕೊಡ್ಲಿಕ್ಕೆ ಹೋಗುವುದು ನಾನೇ" ಎಂದರು. ಅಳಿಯ ಎಂದರೆ ಅಕ್ಕನ ಮಗ. ಅಂಧೇರಿಯಲ್ಲಿ ಹೋಟೆಲು ನಡೆಸುವವರು. ಮಾಸ್ತರರು ಮದುವೆಯಾಗದೆ ಆ ಸಂಸಾರದೊಡನೆಯೇ ನಮ್ಮ ಮನೆಯ ಹಿಂದಿನ ಬಿಲ್ಡಿಂಗಿನಲ್ಲಿದ್ದರು.

ಬೇಸಿಗೆ, ಚಳಿಗಾಲ, ಮಳೆಗಾಲ ಮೂರಕ್ಕೂ ಅವರದು ಒಂದೇ ಅಲಂಕಾರ: ಬಿಳಿ ಅರ್ಧತೋಳಿನ ಅಂಗಿ, ಕಪ್ಪು ಕೊಡೆ. ಮಾರ್ಚಿನ ಬಿಸಿಲಲ್ಲಿ ಕೊಡೆ ಯಾಕೆಂದು ಕೇಳಿದರೆ, "ಮುಂಬಯಿಯಲ್ಲಿ ಆಕಾಶದ ಮಳೆ ನಾಲ್ಕು ತಿಂಗಳು, ಏಸಿಯ ಮಳೆ ಉಳಿದ ಎಂಟು ತಿಂಗಳು" ಎನ್ನುತ್ತಿದ್ದರು. ಮೇಲಿನ ಏಸಿಗಳು ತೊಟ್ಟಿಕ್ಕುವ ನಮ್ಮ ಫುಟ್‌ಪಾತಿನ ಮೇಲೆ ನಡೆದವರಿಗೆ ಇದರ ಸತ್ಯ ಗೊತ್ತು. ಆದರೆ ಆ ಕೊಡೆಯನ್ನು ಅವರು ಹೋದಲ್ಲೆಲ್ಲ ಮರೆತು ಬರುತ್ತಿದ್ದರು. ಮರೆತದ್ದನ್ನು ತರಲು ಹೋಗಿ, ಅಲ್ಲಿ ಚಹಾ ಕುಡಿದು, ಬರಬೇಕಾದ ಕಡೆಗೆ ತಡವಾಗಿ ಬರುತ್ತಿದ್ದರು.

ದಾದರಿಗೆ ಹೋಗುವಾಗ ಅವರು ಫಾಸ್ಟ್ ಲೋಕಲ್ ಹತ್ತುತ್ತಿರಲಿಲ್ಲ. ಒಮ್ಮೆ ನಾನು ಗಡಿಯಾರ ತೋರಿಸಿ ಅವಸರ ಮಾಡಿದೆ. ಸ್ಲೋ ಗಾಡಿಯ ಕಿಟಕಿಯ ಬಳಿ ಕುಳಿತು ಅವರು ನಿಧಾನವಾಗಿ ಹೇಳಿದರು: "ಫಾಸ್ಟಿನಲ್ಲಿ ಹೋದವರ ಇತಿಹಾಸದಲ್ಲಿ ನಡುವಿನ ಸ್ಟೇಷನ್‌ಗಳೇ ಇಲ್ಲ." ನಮ್ಮ ರಸ್ತೆಗೆ ಹೊಸ ಹೆಸರಿನ ಫಲಕ ಬಂದಾಗ ಎಲ್ಲರೂ ಫಲಕವನ್ನು ನೋಡಿದರೆ ಅವರು ಕೆಳಗೆ ನೋಡಿ, ಹೆಸರು ಮೂರು ಸಲ ಬದಲಾದರೂ ಗುಂಡಿ ಮಾತ್ರ ತನ್ನ ಜಾಗ ಬಿಟ್ಟು ಕದಲಿಲ್ಲವೆಂದರು. ಸಂಘದ ವಾಟ್ಸಾಪ್ ಗುಂಪಿನಲ್ಲಿ ದಿನ ಬೆಳಗಾದರೆ ಒಬ್ಬರಲ್ಲ ಒಬ್ಬರು ನಮ್ಮ ಪೂರ್ವಿಕರು ವಿಮಾನ ಹಾರಿಸಿದ್ದನ್ನೋ ಸಮುದ್ರಕ್ಕೆ ಸೇತುವೆ ಹಾಕಿದ್ದನ್ನೋ ಕಳಿಸುತ್ತಿದ್ದರು. ಮಾಸ್ತರರು ಯಾರೊಡನೆಯೂ ವಾದ ಮಾಡಲಿಲ್ಲ. ಕೆಳಗೆ ಒಂದು ಸಾಲು ಬರೆದರು: "ಹತ್ತಕ್ಕೆ ಎರಡು ಅಂಕ, ಶುದ್ಧ ಬರವಣಿಗೆಗೆ." ಎರಡು ದಿನ ಗುಂಪಿನಲ್ಲಿ ಒಂದೂ ವಿಮಾನ ಹಾರಲಿಲ್ಲ.

ಅಳಿಯ ಹೊಸ ಫೋನು ಕೊಡಿಸಿದಾಗ ಅದರೊಡನೆ ಕನ್ನಡದಲ್ಲೇ ಮಾತಾಡಿ ನೋಡಿದರು. ಅದು ಎಲ್ಲ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು. "ಇದು ಮುಂಬಯಿಯಲ್ಲೇ ಹುಟ್ಟಿದ್ದು, ನಮ್ಮ ಮೊಮ್ಮಕ್ಕಳ ಹಾಗೆ" ಎಂದು ಕಿಸೆಗೆ ಹಾಕಿಕೊಂಡರು. ನಮ್ಮ ಭಾಷೆಗಳ ಬಗ್ಗೆ ಅವರ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತ್ತು. ಮುಂಬಯಿಯ ಕನ್ನಡಿಗ ಬಾಗಿಲ ಬಳಿ ಚಪ್ಪಲಿ ಬಿಡುವಾಗಲೇ ಮರಾಠಿ ಹಿಂದಿಗಳನ್ನೂ ಬಿಟ್ಟು ಒಳಗೆ ಬರುತ್ತಾನೆ, ಬೆಳಿಗ್ಗೆ ಅವಸರದಲ್ಲಿ ಯಾವುದು ಸಿಕ್ಕಿತೋ ಅದನ್ನು ಮೆಟ್ಟಿಕೊಂಡು ಹೋಗುತ್ತಾನೆ ಎನ್ನುತ್ತಿದ್ದರು.

ಇದು ಬರಿಯ ತಮಾಷೆಯಲ್ಲವೆಂದು ನನಗೆ ಗೊತ್ತಾದದ್ದು ಸುಶೀಲಾ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ.

ಬಲಗೈ ಸೋತಿತ್ತು, ಮಾತು ಪೂರ್ತಿ ನಿಂತಿತ್ತು. ಮಾತು ಕಲಿಸುವ ಮರಾಠಿ ಹುಡುಗಿಯೊಬ್ಬಳು ಚಿತ್ರಗಳ ಕಾರ್ಡು ಹಿಡಿದು ಬರುತ್ತಿದ್ದಳು. ಬಹಳ ತಾಳ್ಮೆಯವಳು. ಚಹಾದ ಕಪ್ಪು ತೋರಿಸಿ, ಬಾಳೆಹಣ್ಣು ತೋರಿಸಿ, ಮರಾಠಿಯಲ್ಲೂ ಹಿಂದಿಯಲ್ಲೂ ಕೇಳುತ್ತಿದ್ದಳು. ಘಾಟ್ಕೋಪರ್ ಮಾರ್ಕೆಟ್ಟಿನಲ್ಲಿ ಒಂದು ಜೀವಮಾನ ಮರಾಠಿಯಲ್ಲಿ ಚೌಕಾಶಿ ಮಾಡಿದ ನನ್ನ ಹೆಂಡತಿ ಆ ಚಿತ್ರಗಳನ್ನು ಗುರುತಿಲ್ಲದವರ ಮದುವೆಯ ಫೋಟೋ ನೋಡಿದ ಹಾಗೆ ನೋಡಿದಳು. ಹಾಗಾದರೆ ಅವರು ಚಿಕ್ಕಂದಿನಲ್ಲಿ ಆಡಿದ ಭಾಷೆಯಲ್ಲಿ ಮಾತಾಡಿಸಬೇಕು, ದಿನವೂ ಅವಸರವಿಲ್ಲದೆ ಮಾತಾಡುವವರು ಬೇಕು, ಮನೆಯಲ್ಲಿ ಯಾರಿದ್ದಾರೆ ಎಂದು ಆ ಹುಡುಗಿ ಕೇಳಿದಳು.

ಇದ್ದವನು ನಾನು. ನಮ್ಮ ಸಂಸಾರದ ಮಾತುಕತೆ ಬಹಳ ವರ್ಷಗಳಿಂದ ಚಹಾ, ಕೀಲಿಕೈ, ಹಾಲಿನವನು ಇಷ್ಟರಲ್ಲೇ ಸುಗಮವಾಗಿ ನಡೆದುಬಂದಿತ್ತು. ನನಗೆ ತಿಳಿದ ರೀತಿಯಲ್ಲಿ ನಾನು ಕೆಲಸ ಶುರು ಮಾಡಿದೆ. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಪಾತ್ರೆಗಳ ಹೆಸರು, ಮಧ್ಯಾಹ್ನ ತರಕಾರಿ, ಸಂಜೆ ಬಂಧುಗಳು. ನಾನು ಬಟ್ಟಲು ತೋರಿಸಿ ಇದೇನು ಎಂದರೆ ಅವಳು ಗೋಡೆಯ ಕಡೆಗೆ ಹೊರಳುತ್ತಿದ್ದಳು. ತಿಂಗಳು ಕಳೆದವು. ಹುಡುಗಿ ಏನೂ ಹೇಳದಿದ್ದರೂ, ಇನ್ನು ಹೆಚ್ಚು ತಡವಾದರೆ ಕಷ್ಟವೆಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಮಾಸ್ತರರು ಬಂದರು. ಹೇಗಿದ್ದಾರೆ ಎಂದು ಕೇಳಲಿಲ್ಲ, ಮರುಕದ ಮುಖ ಮಾಡಲಿಲ್ಲ. ಕೊಡೆಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಬಾಲ್ಕನಿಯ ಪಕ್ಕದ ಕುರ್ಚಿಯನ್ನು ಮಂಚದ ಬಳಿಗೆಳೆದು ಕುಳಿತು, "ಸುಶೀಲಕ್ಕ, ನಿಮ್ಮ ವಿಜಯಪುರದಲ್ಲಿ ಗೋಲಗುಮ್ಮಟ ಉಂಟಲ್ಲ, ಅದನ್ನು ಬೀದರಿನವರು ಕಟ್ಟಿಸಿ ನಿಮ್ಮೂರಿಗೆ ದಾನ ಕೊಟ್ಟದ್ದಂತೆ" ಎಂದು ಶುರು ಮಾಡಿದರು.

ನಾನು ಧಾರವಾಡದವನಾದರೂ ನನಗೂ ತಡೆಯಲಾಗಲಿಲ್ಲ. ಬಾಯಿ ತೆರೆದೆ. ಮಾಸ್ತರರು ಹಿಂದಕ್ಕೆ ತಿರುಗದೆಯೇ ಅಂಗೈ ಎತ್ತಿ ನನ್ನನ್ನು ತಡೆದರು. ಮರುದಿನ ಗುಮ್ಮಟದೊಳಗೆ ಕೂಗಿದರೆ ಒಂದೇ ಸಲ ಪ್ರತಿಧ್ವನಿ ಬರುತ್ತದೆ ಎಂದರು. ಅದರ ಮರುದಿನ ವಿಜಯಪುರದಲ್ಲಿ ಬಿಸಿಲೇ ಇಲ್ಲವೆಂದರು. ಆ ರಾತ್ರಿ ನಾನು ಮಗಳಿಗೆ ಫೋನು ಮಾಡಿ, ಮಾಸ್ತರರ ನೆನಪು ಕೆಟ್ಟಿದೆ, ಪಾಪ, ದಿನವೂ ಬಂದು ಏನೇನೋ ತಪ್ಪು ಹೇಳುತ್ತಾರೆ ಎಂದೆ. ಅವಳು ನಕ್ಕಳು. ಆ ನಗು ಅರ್ಧದಲ್ಲೇ ಅಳುವಾಯಿತು.

"ಅಪ್ಪಾ, ಅದು ಕಳ್ಳ. ಸರ್ ಅಮ್ಮನ ಕ್ಲಾಸ್ ತಗೊಳ್ಳಾಕತ್ತಾರ. ನೀವು ಪ್ಲೀಸ್, ಬೀಚ್ ಮೇ ಬಾಯಿ ಹಾಕಬ್ಯಾಡ್ರಿ."

ಮರುದಿನದಿಂದ ನಾನು ಅಡುಗೆಮನೆಯಲ್ಲಿ ಚಹಾ ಮಾಡುತ್ತ ಸುಮ್ಮನಿದ್ದೆ. ಅವರು ನಾಲ್ಕಕ್ಕೆ ಬರುತ್ತೇನೆಂದರೆ ಐದರೊಳಗೆ ಯಾವಾಗಲಾದರೂ ಬರುತ್ತಿದ್ದರು. ನಾಲ್ಕು ಹೊಡೆದ ಮೇಲೆ ಸುಶೀಲಾಳ ಕಣ್ಣು ಬಾಗಿಲ ಕಡೆಗೆ ಹೋಗುವುದನ್ನು ಗಮನಿಸಿದೆ. ಅದಕ್ಕೂ ಮೊದಲು ಆ ಕಣ್ಣು ಎಲ್ಲಿಗೂ ಹೋಗುತ್ತಿರಲಿಲ್ಲ. ಆದರೆ ಮಾತು ಬರಲಿಲ್ಲ. ಸುಲ್ತಾನರು, ಕೋಟೆಗಳು, ತೋಪುಗಳು ಎಲ್ಲ ಮುಗಿದವು. ಒಂದು ದಿನ ಲಿಫ್ಟಿನ ಬಳಿ ಮಾಸ್ತರರು, ತಾವು ತಪ್ಪು ಜಾಗದಲ್ಲಿ ಕಳ್ಳನನ್ನು ಬಿಡುತ್ತಿರಬೇಕು, ಸುಶೀಲಕ್ಕನ ಮನೆಯೊಳಗೇ ನುಗ್ಗಿಸಬೇಕು ಎಂದು ತಮ್ಮಷ್ಟಕ್ಕೇ ಹೇಳಿಕೊಂಡಂತೆ ಹೇಳಿ ಹೋದರು.

ಮರುದಿನ ಅವರು ಇತಿಹಾಸ ಎತ್ತಲೇ ಇಲ್ಲ. ನಾನು ಚಹಾದ ತಟ್ಟೆ ಹಿಡಿದು ಬರುವಾಗ ಅವರು ಹೇಳುತ್ತಿದ್ದರು:

"ನಿಮ್ಮ ಕಡೆಯ ಜೋಳದ ರೊಟ್ಟಿಯಲ್ಲಿ ಎಂತ ದೊಡ್ಡ ಕೆಲಸ ಉಂಟು ಸುಶೀಲಕ್ಕ? ಹಿಟ್ಟು ಕಲಸುವುದು, ಲಟ್ಟಣಿಗೆಯಲ್ಲಿ ಚಪಾತಿ ಹಾಗೆ ಲಟ್ಟಿಸುವುದು, ಎರಡು ಚಮಚ ಎಣ್ಣೆ ಬಿಟ್ಟು ಕಾಯಿಸುವುದು. ನಮ್ಮ ಅಳಿಯನ ಹೋಟೆಲಿನಲ್ಲಿ ಹಾಗೇ ಮಾಡ್ತಾರೆ. ನಿಮ್ಮ ಕಡೆಯ ಹೆಂಗಸರು ಸುಮ್ಮನೆ ದೊಡ್ಡ ಸುದ್ದಿ ಮಾಡುವುದು."

ಮಂಚದ ಮೇಲೆ ಸಪ್ಪಳವಾಯಿತು. ಸುಶೀಲಾಳ ಎಡಗೈ ಹಾಸಿಗೆಯನ್ನು ಬಡಿಯುತ್ತಿತ್ತು. ಸಿಟ್ಟಿನ ಬಡಿತವೆಂದು ನಾನು ಮೊದಲು ತಿಳಿದೆ. ಆದರೆ ಅಂಗೈ ಚಪ್ಪಟೆಯಾಗಿತ್ತು, ಬಡಿತ ಸಮನಾಗಿತ್ತು, ಕೈ ಸುತ್ತಲೂ ತಿರುಗುತ್ತಿತ್ತು. ಅವಳು ಹಾಸಿಗೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು.

"ಅಲ್ಲ" ಎಂದಳು.

ನಾನು ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಆಗ ಎಷ್ಟು ಗಂಟೆಯಾಗಿತ್ತೆಂದು ಇಂದಿಗೂ ಹೇಳಬಲ್ಲೆ. ಆದರೆ ಅದು ನನ್ನ ಬಳಿಯೇ ಇರಲಿ. ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ. ಮಾಸ್ತರರು ಮಾತ್ರ ಹಿಗ್ಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಜಗಳಕ್ಕೆ ಇಳಿದರು.

"ಎಂತದು ಅಲ್ಲ? ಎಣ್ಣೆ ಇಲ್ಲದೆ ಹೇಗೆ ಬೇಯ್ತದೆ?"

ಅವಳು ಅಲ್ಲವೆಂಬಂತೆ ತಲೆ ಅಲ್ಲಾಡಿಸಿದಳು. ಬಹಳ ಹೊತ್ತು ಹುಡುಕಿದಳು. ನನಗೆ ಆ ಶಬ್ದ ಗೊತ್ತಿತ್ತು. ರೊಟ್ಟಿಯ ಮೇಲೆ ಹಚ್ಚುವುದು ಏನೆಂದು ನಮ್ಮ ಕಡೆಯ ಯಾರಿಗೆ ಗೊತ್ತಿಲ್ಲ? ಹೇಳಲು ಮುಂದಾದೆ. ಮತ್ತೆ ಆ ಅಂಗೈ ಮೇಲೆದ್ದಿತು. ಹೊರಗೆ ರಿಕ್ಷಾಗಳು ಹೋದವು, ಮೇಲಿನ ಮನೆಯವರ ಕುಕ್ಕರು ಸೀಟಿ ಹೊಡೆಯಿತು, ಚಹಾ ಆರಿತು. ಕೊನೆಗೆ ಅವಳು, "ನೀ... ನೀರು. ಅರಿವೀಲೆ ನೀರು" ಎಂದಳು. ಒದ್ದೆ ಬಟ್ಟೆಯಿಂದ ನೀರು ಸವರಬೇಕು ಎಂಬ ಇಡೀ ವಿದ್ಯೆ ಆ ಎರಡು ಶಬ್ದಗಳಲ್ಲಿತ್ತು.

ಮಾಸ್ತರರು ಹೋಗುವಾಗ ಬಾಗಿಲಲ್ಲಿ ನಾನು ಅವರ ಕೈ ಹಿಡಿದೆ. ಅವರು ಹೇಳಿದರು:

"ಖುಷಿಯಲ್ಲಿ ಪೇಡೆ ಹಂಚಲಿಕ್ಕೆ ಹೋಗಬೇಡಿ. ಅವರಿಗೆ ನನ್ನ ಮೇಲೆ ಸಿಟ್ಟು ಬಂದಿದೆ, ಅದು ಇಳಿಯುವ ಮೊದಲು ನಾಳೆ ಬರ್ತೇನೆ. ನೋಡಿ, ಹೌದು ಅನ್ನಲಿಕ್ಕೆ ತಲೆ ಆಡಿಸಿದ್ರೆ ಸಾಕು, ಮಾತು ಬೇಡ. ಅಲ್ಲ ಅಂದವರಿಗೆ ಮತ್ತೆ ಎಂತ ಅಂತ ಹೇಳಲೇಬೇಕಾಗ್ತದೆ."

ಇಷ್ಟು ಹೇಳಿ ಲಿಫ್ಟಿಗೆ ಹೋದವರು ಕೊಡೆ ಮರೆತಿದ್ದರಿಂದ ತಿರುಗಿ ಬಂದರು.

ಅಲ್ಲಿಂದ ಮುಂದೆ, ತಾವು ಹಾಸಿಗೆ ಹಿಡಿಯುವ ತನಕ, ಅವರು ಬಂದು ಒಂದು ತಪ್ಪು ಹೇಳದ ದಿನ ಕಡಿಮೆ. ಸಜ್ಜಕದ ಹೋಳಿಗೆಗೆ ಉಪ್ಪು ಹಾಕಿದರು. ವಿಜಯಪುರದ ಗುಮ್ಮಟವನ್ನು ಧಾರವಾಡಕ್ಕೆ ಸಾಗಿಸಿದರು. ನಮ್ಮ ಮದುವೆ ನಡೆದದ್ದು ಸೊಲ್ಲಾಪುರದಲ್ಲೆಂದರು. ಒಮ್ಮೆ ನನ್ನನ್ನು ಬಹಳ ಮಾತುಗಾರ ಎಂದರು. ಅದಕ್ಕೆ ಸುಶೀಲಾ ಕೊಟ್ಟ ಉತ್ತರ ಅದುವರೆಗಿನದರಲ್ಲಿ ಅತಿ ಉದ್ದದ್ದು, ಇಲ್ಲಿ ಬರೆಯುವಂಥದ್ದಲ್ಲ. ಮಾತು ಕಲಿಸುವ ಹುಡುಗಿ ಬೆರಗಾಗಿ, ಯಾವ ಪದ್ಧತಿ ಎಂದು ಮಾಸ್ತರರನ್ನೇ ಕೇಳಿದಳು. "ರೋಜ್ ಭಾಂಡತೊ, ಬಾಯಿ" ಎಂದರು ಅವರು. ದಿನಾ ಜಗಳ ಆಡ್ತೇನಮ್ಮ ಎಂದು.

ಮರಾಠಿ ಅವಳಿಗೆ ಪೂರ್ತಿ ಮರಳಲಿಲ್ಲ. ಈಗ ನಮ್ಮ ಗೇಟಿನ ಬಳಿ ತರಕಾರಿ ಮಾರುವ ಭಾಜಿಯವಳು ರೇಟು ಹೇಳಿ, ಇವಳು ಬಾಯಿ ತೆರೆಯುವ ಮೊದಲೇ "ಅಲ್ಲ ಆಜಿ, ಅಲ್ಲ" ಎಂದು ತಾನೇ ನಗುತ್ತಾಳೆ. ಹಾಗೆ ಘಾಟ್ಕೋಪರಿನಲ್ಲಿ ಒಬ್ಬರಿಗಾದರೂ ಒಂದು ಕನ್ನಡ ಶಬ್ದ ಹೆಚ್ಚಾಗಿ ಬಂದಿದೆ ಎಂದು ಮಾಸ್ತರರು ಸಂಘದ ವಾರ್ಷಿಕ ವರದಿಗೆ ಸೇರಿಸಲು ಹೇಳಿದ್ದರು. ಅಧ್ಯಕ್ಷರು ಸೇರಿಸಲಿಲ್ಲ.

ಆ ಅಧ್ಯಕ್ಷರೇ ಈಗ ಮೈಕಿನ ಮುಂದೆ ನಿಂತು, ಕೋಲೂರಿ ನಿಂತ ನನ್ನ ಹೆಂಡತಿಯನ್ನು ನೋಡುತ್ತಿದ್ದರು. "ಅಕ್ಕಾ, ನೀವು ಕೂತ್ಕೊಳ್ಳಿ, ಆಮೇಲೆ ಅವಕಾಶ ಕೊಡುತ್ತೇವೆ" ಎಂದು ಮೆತ್ತಗೆ ಹೇಳಿದರು. ಅವಳು ಕೂಡಲಿಲ್ಲ. ಬಾಯಿ ತೆರೆದಿತ್ತು, ಶಬ್ದ ಬರಲಿಲ್ಲ. ಸಭೆಯಲ್ಲಿ ಕೆಲವರು ನೆಲ ನೋಡತೊಡಗಿದರು. ಅವಳು ಹೇಳಬೇಕೆಂದಿದ್ದುದು ನನಗೆ ಗೊತ್ತಿತ್ತು, ಹೇಳಿ ಅವಳನ್ನು ಪಾರು ಮಾಡಬಹುದಿತ್ತು. ನಾನು ಅರ್ಧ ಎದ್ದೆ. ಮಗಳು ನನ್ನ ಕಡೆ ತಿರುಗದೆಯೇ ಅಂಗೈ ಎತ್ತಿದಳು. ನಾನು ಕುಳಿತೆ.

"ಮಾಡತಿದ್ರು" ಎಂದಳು ಸುಶೀಲಾ. "ತಪ್ಪು... ದಿನಾ ಒಂದ್ ತಪ್ಪು ಮಾಡತಿದ್ರು."

ಮಾತು ಮತ್ತೆ ನಿಂತಿತು. ಎಲ್ಲರೂ ಕಾದರು.

"ನಾ ಮಾತಾಡ್ಲಿ ಅಂತ."

ಅವಳು ಕುಳಿತಳು. ಅಧ್ಯಕ್ಷರು ಏನೂ ತಿಳಿಯದೆ ಕಾಗದದಲ್ಲಿ ಮುಂದಿನ ಸಾಲು ಹುಡುಕಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ತಲೆ ಬೋಳಾದವರೊಬ್ಬರು ಎದ್ದು, "ನಮಗೂ ಮಾಡ್ತಿದ್ರು ಸರ್, ಕಳ್ಳ ಅಂತ" ಎಂದರು. ಅದಾದ ಮೇಲೆ ಸಭೆ ಯಾರ ಹಿಡಿತದಲ್ಲೂ ಉಳಿಯಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದವರು, ಮೊಮ್ಮಕ್ಕಳಿರುವ ಹೆಂಗಸರು ಎಲ್ಲರೂ ಎದ್ದೆದ್ದು ತಾವು ಹಿಡಿದ ಕಳ್ಳರನ್ನು ಹೇಳತೊಡಗಿದರು. ರೈಲು ಠಾಣೆಗೆ ಓಡಿದ್ದನ್ನು ಹಿಡಿದವನು ತಾನೆಂದು ಇಬ್ಬರು ಹಟ ಹಿಡಿದರು. ನಮ್ಮ ಮಗಳು ಸಾಕ್ಷಿ ಹೇಳಬೇಕಾಯಿತು. ಶ್ರದ್ಧಾಂಜಲಿ ಸಭೆಯಲ್ಲಿ ಅಷ್ಟು ನಗು ನಾನು ಕೇಳಿರಲಿಲ್ಲ. ಅಧ್ಯಕ್ಷರು ಎಲ್ಲ ಕೇಳಿ, ಕಾಗದ ಮಡಚಿ ಕಿಸೆಯಲ್ಲಿಟ್ಟು, "ಹಾಗಾದರೆ ಇವತ್ತಿನ ಕಳ್ಳ ನಾನೇ" ಎಂದರು. ಅವರು ಒಳ್ಳೆಯ ಮನುಷ್ಯರೆಂದು ಆಗಲೇ ಹೇಳಿದ್ದೇನೆ.

ಅಳಿಯ ಗೋಳಿಬಜೆ, ಚಹಾ ತರಿಸಿದ್ದರು. ನಾನು ಒಂದು ಕೆಲಸ ಇಟ್ಟುಕೊಂಡು ಬಂದಿದ್ದೆ. ಮಾಸ್ತರರು ಕೊನೆಯ ಸಲ ಬಂದಾಗ ನಮ್ಮಲ್ಲಿ ಬಿಟ್ಟುಹೋದ ಕೊಡೆಯನ್ನು ಅವರ ಅಳಿಯನಿಗೆ ಒಪ್ಪಿಸುವುದು. ಅವರು ಅದನ್ನು ತಿರುಗಿಸಿ ಹಿಡಿಕೆ ನೋಡಿದರು.

"ಇದು ಮಾವನದ್ದಲ್ಲ" ಎಂದರು. "ನಮ್ಮಲ್ಲೂ ನಾಲ್ಕು ಉಂಟು, ಒಂದೂ ಅವರದ್ದಲ್ಲ. ನೀವೇ ಇಟ್ಕೊಳ್ಳಿ ಅಂಕಲ್, ಯಾರಾದ್ರೂ ಕೇಳಿದ್ರೆ ಕೊಡುವ."

ಮಧ್ಯಾಹ್ನ ಊಟದ ನಂತರ ಮಗಳು ಅಂಧೇರಿಗೆ ಹೊರಟಳು. ಸುಶೀಲಾ ದಣಿದು ಮಲಗಿದಳು. ನಾಲ್ಕು ಹೊಡೆದಾಗ ಅವಳ ಕಣ್ಣು ಎಂದಿನಂತೆ ಬಾಗಿಲ ಕಡೆಗೆ ಹೋಯಿತು. ಅಲ್ಲಿಂದ ಕದಲಲಿಲ್ಲ.

ನಾನು ಚಹಾ ಮಾಡಿ ತಂದಿಟ್ಟೆ. ಬಾಲ್ಕನಿಯ ಪಕ್ಕದ ಕುರ್ಚಿಯನ್ನು ಮಂಚದ ಬಳಿಗೆಳೆದೆ. ಆ ಕುರ್ಚಿಯಲ್ಲಿ ನಾನು ಅದುವರೆಗೆ ಕುಳಿತಿರಲಿಲ್ಲ. ತಪ್ಪು ಹೇಳುವುದು ಸುಲಭವಲ್ಲ. ಬದುಕಿಡೀ ಅದರ ಅಭ್ಯಾಸ ನನಗೆ ಆಗಿರಲಿಲ್ಲ. ಧಾರವಾಡದಲ್ಲಿ ಪೇಡೆ ಸಿಗುವುದಿಲ್ಲವೆಂದು ಹೇಳಿ ನೋಡಿದೆ. ಅವಳು ನನ್ನನ್ನು ಕನಿಕರದ ನೋಟದಿಂದ ನೋಡಿದಳು. ದಡ್ಡ ಕಳ್ಳ. ಇನ್ನೊಮ್ಮೆ ಯೋಚಿಸಿದೆ.

"ಏನ ಹೇಳು, ಮಾಸ್ತರರು ನಮ್ಮ ಮನಿಗೆ ದಿನಾ ಬರೋಬ್ಬರಿ ನಾಕಕ್ಕಽ ಬರತಿದ್ರು" ಎಂದೆ.

"ಅಲ್ಲ" ಎಂದಳು ತಕ್ಷಣ.

"ಅಲ್ಲಂದ್ರ?"

"ಮಂದಿ ಮನಿಯೊಳಗ... ಬಿಟ್ಟು ಬರತಿದ್ರು. ಮತ್ತ ತರಾಕ ಹೋಗತಿದ್ರು. ಅದಕ್ಕ ತಡಾ."

"ಏನ ಬಿಟ್ಟು?"

ಅವಳು ಹುಡುಕತೊಡಗಿದಳು. ಕೈಯಿಂದ ಗಾಳಿಯಲ್ಲಿ ಏನನ್ನೋ ಬಿಚ್ಚಿ ತೋರಿಸಿದಳು. ಶಬ್ದ ನನ್ನ ನಾಲಗೆಯ ತುದಿಯಲ್ಲಿತ್ತು. ಸಭೆಯಿಂದ ಮರಳಿ ತಂದ ಆ ವಸ್ತು ಸೋಫಾದ ಮೇಲೇ ಬಿದ್ದಿತ್ತು. ನಾನು ನನ್ನ ಅಂಗೈಯನ್ನು ಮೊಣಕಾಲ ಮೇಲೆ ಒತ್ತಿ ಹಿಡಿದು ಕುಳಿತೆ. ಗಡಿಯಾರ ನನ್ನ ಬೆನ್ನ ಹಿಂದಿತ್ತು, ತಿರುಗಿ ನೋಡಲಿಲ್ಲ. ಬಿಸಿಲು ಬಾಲ್ಕನಿಯಿಂದ ಇಳಿಯಿತು. ಮೇಲಿನ ಮನೆಯ ಏಸಿಯ ನೀರು ತಗಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳ ಕಿವಿ ಅತ್ತ ಹೋಯಿತು.

"ಛತ್ರಿ" ಎಂದಳು. ಆಮೇಲೆ ನಗುತ್ತ, ನಿಧಾನವಾಗಿ, ಒಂದೂ ಶಬ್ದ ಬಿಡದೆ ಮುಗಿಸಿದಳು: "ಅದೂ ಅವರದಲ್ಲ."

ನಾನು ಕಪ್ಪುಗಳನ್ನು ತೊಳೆದಿಟ್ಟೆ. ಕುರ್ಚಿಯನ್ನು ಮಂಚದ ಬಳಿಯೇ ಇರಲು ಬಿಟ್ಟೆ. ಸೋಫಾದ ಮೇಲಿದ್ದ ಕೊಡೆಯನ್ನು ಬಿಗಿಯಾಗಿ ಸುತ್ತಿ, ಗುಂಡಿ ಹಾಕಿ, ಬಾಗಿಲ ಹಿಂದಿನ ಅದೇ ಮೊಳೆಗೆ ನೇತುಹಾಕಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.